ಬೇಲೂರಿಗೆ ಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಬೇಲೂರಿಗೆ ಹೋಗ್ತೀನಿ ಅಂದಿದ್ದೀಯಲ್ಲ, ಬೆಳಿಗ್ಗೆ ಬೇಗನೇ ಹೋಗು. ಚೆನ್ನಕೇಶವನ ಗುಡಿ ಪೂರ್ವಾಭಿಮುಖ, ಎಳೆಬಿಸಿಲು ನೇರ ಮುಂಬಾಗಿಲ ಮೇಲೆ ಬೀಳುತ್ತದೆ. ಮಧ್ಯಾಹ್ನಕ್ಕೆ ಅಂಗಳದ ಹಾಸುಗಲ್ಲು ಕಾದು ಬರಿಗಾಲಲ್ಲಿ ನಿಲ್ಲುವುದೇ ಕಷ್ಟ. ಗರ್ಭಗುಡಿಯ ಬಾಗಿಲನ್ನೂ ಆಗ ಹಾಕಿರುತ್ತಾರೆ. ಒಂದು ಜೊತೆ ಕಾಲುಚೀಲ ಇಟ್ಟುಕೋ.

ಈ ಗುಡಿ ಒಂದೇ ಕಾಲದ ಕೆಲಸವಲ್ಲ. ಹೊಯ್ಸಳ ದೊರೆ ವಿಷ್ಣುವರ್ಧನ ಚೋಳರಿಂದ ತಲಕಾಡು ಗೆದ್ದ ಮೇಲೆ, 1117ರಲ್ಲಿ ಇಲ್ಲಿ ವಿಜಯನಾರಾಯಣನ, ಅಂದರೆ ಇದೇ ಚೆನ್ನಕೇಶವನ, ಪ್ರತಿಷ್ಠೆಯಾಯಿತು. ಆಗ ನವರಂಗ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪ, ತೆರೆದೇ ಇತ್ತು. ಹೊರಕಂಬಗಳ ನಡುವೆ ಈಗ ಕಾಣುವ ಜಾಲಂಧ್ರಗಳನ್ನು, ಅಂದರೆ ತೂತುಗಳಿರುವ ಕಲ್ಲಿನ ಜಾಲರಿಗಳನ್ನು, ಕೂರಿಸಿದ್ದು ಅವನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ. ಒಳಗಿನ ಕತ್ತಲೆಗೆ ಅವೇ ಕಾರಣ. ಹಾಗಾಗಿ ಒಳಗೆ ಹೋದ ಕೂಡಲೇ ಮೊಬೈಲ್ ಎತ್ತಬೇಡ, ಕಣ್ಣು ಹೊಂದಿಕೊಳ್ಳುವ ತನಕ ನಿಲ್ಲು. ಆಮೇಲೆ ಒಂದೊಂದೇ ಕಂಬ ನೋಡು, ನರಸಿಂಹ ಕಂಬವನ್ನಂತೂ ಬಿಡಲೇಬೇಡ. ಬಾಗಿಲ ಗೋಪುರ ಇನ್ನೂ ಈಚಿನದು, ವಿಜಯನಗರದ ಕಾಲದಲ್ಲಿ, 1397ರಲ್ಲಿ ಮತ್ತೆ ಕಟ್ಟಿದ್ದು. ಗರ್ಭಗುಡಿಯ ಮೇಲಿದ್ದ ಶಿಖರವನ್ನು ಕೆಳಗಿನ ಕಟ್ಟಡ ಉಳಿಯಲೆಂದು 19ನೇ ಶತಮಾನದಲ್ಲಿ ಇಳಿಸಿದರು. ಗುಡಿ ಮೇಲ್ಗಡೆ ಬೋಳಾಗಿ ಕಾಣುವುದು ಅದಕ್ಕೇ.

ದರ್ಶನಕ್ಕಿಂತ ಮುಂಚೆ ಜಗಲಿಯ ಮೇಲೆ ಒಂದು ಪೂರ್ತಿ ಸುತ್ತು ಬಾ. ಎಲ್ಲರೂ ಮದನಿಕೆಯರನ್ನು, ಅಂದರೆ ಚೆಲುವೆಯರ ಶಿಲ್ಪಗಳನ್ನು, ನೋಡಲು ಕತ್ತೆತ್ತಿಕೊಂಡೇ ನಡೆಯುತ್ತಾರೆ, ಕಾಲಬುಡದ ಆನೆಸಾಲು ಹಾಗೇ ಉಳಿದುಬಿಡುತ್ತದೆ. ಒಂದು ಆನೆಯ ಹಾಗೆ ಇನ್ನೊಂದಿಲ್ಲ. ಸೂರಿನ ಕೆಳಗಿನ ಮದನಿಕೆಯರು ಎತ್ತರದಲ್ಲಿ, ನೆರಳಲ್ಲಿ ಇದ್ದಾರೆ. ಸಣ್ಣ ದುರ್ಬೀನು ಇದ್ದರೆ ತುಂಬ ಅನುಕೂಲ. ಕನ್ನಡಿ ಹಿಡಿದವಳ ಮುಂದೆ ಜನ ಮುತ್ತಿರುತ್ತಾರೆ. ನೀನು ಒಬ್ಬೊಬ್ಬಳ ತಲೆಯ ಮೇಲಿನ ಎಲೆಬಳ್ಳಿಯ ಚಪ್ಪರವನ್ನೂ ನೋಡು: ಒಂದು ಕಡೆ ಹಣ್ಣಿನ ಮೇಲೆ ಕೂತ ನೊಣ, ಅದನ್ನು ಹಿಡಿಯಲು ಹೊಂಚು ಹಾಕಿದ ಹಲ್ಲಿ! ಇಷ್ಟು ಸೂಕ್ಷ್ಮ ಕೆಲಸ ಸಾಧ್ಯವಾದದ್ದು ಬಳಪದ ಕಲ್ಲಿನಿಂದ. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಕಲ್ಲು ಅದು.

ಮದನಿಕೆಯರ ಪೀಠದ ಅಂಚಿನಲ್ಲಿ ಹಳಗನ್ನಡದ ಅಕ್ಷರಗಳಿವೆ, ಕೆತ್ತಿದವರ ಹೆಸರುಗಳು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಬ್ಬರೂ ಅಲ್ಲಿದ್ದಾರೆ. ಜಕಣಾಚಾರಿಯ ಕಥೆಯನ್ನು ಗೈಡ್ ಹೇಗೂ ಹೇಳುತ್ತಾನೆ, ಕೇಳು. ಆದರೆ ದಾಸೋಜ, ಚಾವಣರ ಹೆಸರು ಎಲ್ಲಿ ಕೆತ್ತಿದೆ ತೋರಿಸಿ ಅಂತ ಬಿಡದೆ ಕೇಳು. ಒಂಬೈನೂರು ವರ್ಷದಿಂದ ಆ ಹೆಸರುಗಳು ಓದುವವರಿಗಾಗಿ ಅಲ್ಲಿವೆ.

ಪಕ್ಕದಲ್ಲೇ ವಿಷ್ಣುವರ್ಧನನ ರಾಣಿ ಶಾಂತಲೆ ಕಟ್ಟಿಸಿದ ಕಪ್ಪೆ ಚೆನ್ನಿಗರಾಯನ ಗುಡಿ ಇದೆ, ಅದನ್ನೂ ನೋಡು.

ಹಾಸನದಿಂದ ಬೇಲೂರು ಸುಮಾರು 40 ಕಿ.ಮೀ., ಸರ್ಕಾರಿ ಬಸ್ಸುಗಳಿವೆ. ಹಳೇಬೀಡು ಅಲ್ಲಿಂದ ಬರೀ 16 ಕಿ.ಮೀ. ಹಾಗಂತ ಎರಡನ್ನೂ ಅರ್ಧ ದಿನದಲ್ಲಿ ಮುಗಿಸಲು ಹೊರಡಬೇಡ. ಬೇಲೂರಿಗೆ ಕನಿಷ್ಠ ಮೂರು ಗಂಟೆ ಕೊಡು. ಊಟ ಮುಗಿಸಿ ಹಳೇಬೀಡಿಗೆ ಹೊರಟರೆ ಬಿಸಿಲು ಇಳಿಯುವ ಹೊತ್ತಿಗೆ ಅಲ್ಲಿನ ಗುಡಿಯ ಹಿಂಗೋಡೆಯ ಶಿಲ್ಪಗಳ ಮುಂದೆ ಇರುತ್ತೀಯ.

ನಿನ್ನ ಗೆಳೆಯ