ಮಂಡ್ಯ ಬಸ್ ನಿಲ್ದಾಣದ ಆ ಅಕ್ಕನಿಗೆ

ಪಿಯುಸಿ ಫಲಿತಾಂಶದ ಸಂಜೆ ಮಂಡ್ಯ ಬಸ್ ನಿಲ್ದಾಣದಲ್ಲಿ ಒಬ್ಬನೇ ಅಳುತ್ತಿದ್ದ ಹುಡುಗನ ಪಕ್ಕ ಕೂತಿರಲ್ಲ ಅಕ್ಕ, ನಿಮ್ಮ ಹೆಸರು ನಮಗೆ ಗೊತ್ತಿಲ್ಲ. ಹದಿಹರೆಯದ ಮಕ್ಕಳ ಆಪ್ತಸಮಾಲೋಚನೆ ಮಾಡುವ ನಾವೆಲ್ಲ ನಿಮಗೆ ಕೈಮುಗಿಯುತ್ತೇವೆ.

ನೀವು ಎದುರಿಗೆ ನಿಂತು ವಿಚಾರಿಸಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತೆಗೆದುಕೊಟ್ಟು ಸುಮ್ಮನೆ ಕೂತಿರಿ. ‘ಇಷ್ಟಕ್ಕೆಲ್ಲಾ ಅಳ್ತಾರೇನೋ’ ಅಂದುಬಿಟ್ಟರೆ ಮಕ್ಕಳು ಮತ್ತೆ ಬಾಯಿ ಬಿಡುವುದಿಲ್ಲ. ಆಮೇಲೆ ‘ಸಾಯಬೇಕು ಅನ್ನಿಸ್ತಿದೆಯಾ ಮಗಾ?’ ಎಂದು ನೇರವಾಗಿ ಕೇಳಿದಿರಿ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬುದು ತಪ್ಪು ಭಯ. ಕೇಳಿದಾಗಲೇ ಎಷ್ಟೋ ಮಕ್ಕಳ ಎದೆಭಾರ ಇಳಿಯುತ್ತದೆ. ಅವನು ಹೂಂ ಅಂದಾಗ ಒಬ್ಬನನ್ನೇ ಬಿಡದೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದಿರಿ. 2022ರಲ್ಲಿ ಶುರುವಾದ ಈ ಉಚಿತ ಸಹಾಯವಾಣಿ ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಂಕಪಟ್ಟಿ ಅಂಟಿಸುವ ಗೋಡೆಗಳ ಮೇಲೆ ಈ ನಂಬರನ್ನೂ ಬರೆಯಬಾರದೇ?

ಅಪ್ಪ ಬಂದಾಗ ನೀವು ಅಂಕದ ಮಾತೆತ್ತಲಿಲ್ಲ. ಗದ್ದೆಗೆ ತಂದಿಟ್ಟ ಕ್ರಿಮಿನಾಶಕವನ್ನು ಬೀಗ ಹಾಕಿಡಿ, ಬೀಗದ ಕೈ ನಿಮ್ಮ ಹತ್ತಿರವೇ ಇರಲಿ ಅಂದಿರಂತೆ. ಸಾಯಬೇಕೆನ್ನುವ ತೀವ್ರತೆ ಬಹಳ ಸಲ ಕೊಂಚ ಹೊತ್ತಿನಲ್ಲೇ ಇಳಿಯುತ್ತದೆ. ಅಷ್ಟು ಹೊತ್ತು ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ಮಾರನೆಯ ದಿನ ಫೋನ್ ಮಾಡಿ ‘ತಿಂಡಿ ಆಯ್ತಾ?’ ಅಂತ ಕೇಳಿದ್ದೂ ಗೊತ್ತಾಯಿತು. ಅದಕ್ಕೆ ಇನ್ನೊಂದು ನಮಸ್ಕಾರ.