ಮಲ್ಕೀಯ ಒಬ್ಬನಲ್ಲ, ಮೂವರು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬೈಬಲಿನ ನೆಹೆಮೀಯನ ಕುರಿತ ಲೇಖನ ಓದಿದೆ. ಪರ್ಷಿಯಾದ ದೊರೆಯ ಪಾನಸೇವಕನಾಗಿದ್ದವನು ಕ್ರಿ.ಪೂ. 445ರ ಸುಮಾರಿಗೆ ಅಪ್ಪಣೆ ಪಡೆದು ಜೆರುಸಲೇಮಿಗೆ ಬಂದು, ಕುಸಿದ ಗೋಡೆಯನ್ನು 52 ದಿನಗಳಲ್ಲಿ ಎತ್ತಿ ನಿಲ್ಲಿಸಿದ ಕತೆ ಸೊಗಸಾಗಿ ಬಂದಿದೆ. ಆದರೆ ‘ಮಲ್ಕೀಯನೆಂಬ ಅಕ್ಕಸಾಲಿಗ ತಿಪ್ಪೆಬಾಗಿಲನ್ನು ಕಟ್ಟಿದ’ ಎಂಬ ಸಾಲು ಸರಿಯಲ್ಲ.

ಗೋಡೆಯ ಯಾವ ಭಾಗವನ್ನು ಯಾರು ಕಟ್ಟಿದರೆಂದು ಪಟ್ಟಿ ಕೊಡುವ, ಬೈಬಲಿನ ನೆಹೆಮೀಯನ ಗ್ರಂಥದ ಮೂರನೇ ಅಧ್ಯಾಯ ಬಂದರೆ, ಬರೀ ಹೆಸರುಗಳೆಂದು ಪುಟ ಮಗುಚುವವರೇ ಹೆಚ್ಚು. ನಾನೂ ಬಹುಕಾಲ ಹಾಗೇ ಮಾಡಿದ್ದೆ. ನಿಧಾನವಾಗಿ ಓದಿದರೆ ಅಲ್ಲಿ ಮೂವರು ಮಲ್ಕೀಯರು ಸಿಗುತ್ತಾರೆ. ಹಾರೀಮನ ಮಗ ಮಲ್ಕೀಯ, ಹಷ್ಷೂಬನ ಜತೆ ಸೇರಿ ಒಲೆಗಳ ಬುರುಜನ್ನು ದುರಸ್ತಿ ಮಾಡಿದ. ಅಕ್ಕಸಾಲಿಗ ಮಲ್ಕೀಯನ ಪಾಲು ಕೊನೆಯಲ್ಲಿ, ವ್ಯಾಪಾರಿಗಳ ಮನೆಯ ಹತ್ತಿರ. ತಿಪ್ಪೆಬಾಗಿಲು ಕಟ್ಟಿದವನು ರೇಕಾಬನ ಮಗ, ಬೇತ್‌ಹಕ್ಕೆರೆಮ್ ಪ್ರಾಂತದ ಅಧಿಪತಿ.

ಈ ಕೊನೆಯವನನ್ನು ಅಕ್ಕಸಾಲಿಗನೊಡನೆ ಕಲಸಿಬಿಟ್ಟರೆ ಕತೆಯ ಸ್ವಾರಸ್ಯವೇ ಹೋಗುತ್ತದೆ. ಬೇತ್‌ಹಕ್ಕೆರೆಮ್ ಎಂದರೆ ದ್ರಾಕ್ಷಿತೋಟದ ಮನೆ. ಜೆರುಸಲೇಮಿಗೂ ಬೆತ್ಲೆಹೇಮಿಗೂ ನಡುವಿನ ರಾಮತ್ ರಾಹೇಲ್ ದಿಬ್ಬವೇ ಅದೆಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿ ಅಗೆದಾಗ ‘ಯೆಹೂದ್’ (ಪರ್ಷಿಯನ್ನರ ಆಳ್ವಿಕೆಯಲ್ಲಿ ಆ ಪ್ರಾಂತಕ್ಕಿದ್ದ ಹೆಸರು) ಎಂಬ ಮುದ್ರೆಯೊತ್ತಿದ ಜಾಡಿ ಹಿಡಿಕೆಗಳು ರಾಶಿ ರಾಶಿ ಸಿಕ್ಕಿವೆ. ದ್ರಾಕ್ಷಾರಸ, ಎಣ್ಣೆಯ ರೂಪದಲ್ಲಿ ತೆರಿಗೆ ಬಂದು ಸೇರುತ್ತಿದ್ದ ಜಾಗವೆಂದು ಅದರಿಂದ ಊಹಿಸುತ್ತಾರೆ. ನಮ್ಮ ಹಳೆಯ ಮಾತಿನಲ್ಲಿ ಹೇಳುವುದಾದರೆ ಈ ಮಲ್ಕೀಯ ಅಲ್ಲಿನ ಅಮಲ್ದಾರ. ಅಂಥವನ ಪಾಲಿಗೆ ಬಂದದ್ದು ಊರಿನ ಕಸ, ಬೂದಿ ಹೊರಗೆ ಹೋಗುವ ಬಾಗಿಲು!

ಅದೇ ಪಟ್ಟಿಯಲ್ಲಿ ಎಷ್ಟೋ ಜನ ತಮ್ಮ ತಮ್ಮ ಮನೆಯೆದುರಿನ ಗೋಡೆ ಸರಿಮಾಡಿಕೊಂಡಿದ್ದಾರೆ. ತೆಕೋವ ಊರಿನ ದೊಡ್ಡಮನುಷ್ಯರಂತೂ ಕೆಲಸಕ್ಕೆ ಹೆಗಲನ್ನೇ ಕೊಡಲಿಲ್ಲ. ಈತನೋ ಬೇರೆ ಊರಿನ ಅಧಿಕಾರಿ, ಆ ಬಾಗಿಲಿನ ಬಳಿ ಇವನಿಗೆ ಮನೆ ಇತ್ತೆಂಬ ಮಾತೂ ಇಲ್ಲ. ಆದರೂ ಬಾಗಿಲನ್ನು ಕಟ್ಟಿ, ಕದ ನಿಲ್ಲಿಸಿ, ಚಿಲಕ ಅಗುಳಿ ಹಾಕಿಸಿದ. ಗ್ರಂಥ ಬರೆದವನು ಅವನಿಗೆ ಕೊಟ್ಟಿರುವುದು ಒಂದೇ ವಚನ, ಹೊಗಳಿಕೆಯ ಒಂದು ಪದವೂ ಇಲ್ಲ.

ಇನ್ನೊಂದು ಮಾತು. ಲೇಖನದ ಜತೆ ಹಾಕಿದ್ದ ಚಿತ್ರ ಇಂದಿನ ತಿಪ್ಪೆಬಾಗಿಲಿನದು, ಯಾತ್ರೆಗೆ ಹೋದ ನಮ್ಮವರು ಯೆಹೂದ್ಯರು ಪ್ರಾರ್ಥಿಸುವ ಪಶ್ಚಿಮ ಗೋಡೆಯ ಬಳಿ ನೋಡಿ ಬರುವಂಥದ್ದು. ಅದು 16ನೇ ಶತಮಾನದಲ್ಲಿ ಒಟ್ಟೋಮನ್ ಸುಲ್ತಾನ ಸುಲೈಮಾನ್ ಕಟ್ಟಿಸಿದ ಗೋಡೆಗೆ ಸೇರಿದ್ದು. ಮಲ್ಕೀಯನ ಬಾಗಿಲು ಇನ್ನೂ ದಕ್ಷಿಣಕ್ಕೆ, ಹಿನ್ನೋಮ್ ಕಣಿವೆಯ ಕಡೆಗಿತ್ತು.

ತಿದ್ದುಪಡಿ ಹಾಕುವುದಾದರೆ ಅಪ್ಪನ ಹೆಸರನ್ನೂ ಸೇರಿಸಿ: ರೇಕಾಬನ ಮಗ ಮಲ್ಕೀಯ.

ಇತಿ,
ತಮ್ಮ ಓದುಗ, ಉಡುಪಿ