ಒಂದು ಹೆಸರಿನ ಇಪ್ಪತ್ಮೂರು ಜನ

ಧಾರವಾಡ,
ಭಾನುವಾರ ಮಧ್ಯಾಹ್ನ

ಪ್ರೀತಿಯ ತಂಗಿ,

ನಿನ್ನ ‘ಗಾರ್ಸಿಯಾ ಹೆಸರಿನ ಮಹನೀಯರು’ ಲೇಖನ ತಲುಪಿತು. ಎರಡು ಸಲ ಓದಿದೆ. ಮೊದಲ ಸಲ ಚಹಾ ಕುಡಿಯುತ್ತ, ಎರಡನೆಯ ಸಲ ಕೆಂಪು ಪೆನ್ನು ಹಿಡಿದು. ಇಪ್ಪತ್ಮೂರು ಜನರನ್ನು ಹುಡುಕಿ ತೆಗೆದಿದ್ದೀಯ, ಪಟ್ಟ ಶ್ರಮ ಕಾಣುತ್ತದೆ. ಆದರೆ ಒಂಬತ್ತನೆಯವರ ಹತ್ತಿರ ಬಂದಾಗ ನಾನು ನಕ್ಕ ಸದ್ದಿಗೆ ನಿನ್ನ ಕಾಕು ಅಡುಗೆಮನೆಯಿಂದ ಹೊರಗೆ ಬಂದಳು.

‘ಮ್ಯಾನುಯೆಲ್ ಗಾರ್ಸಿಯಾ, 1775–1906, ಗಾಯಕ, ಸಂಗೀತ ಗುರು, ಗಂಟಲಿನ ಒಳಗನ್ನು ನೋಡುವ ಕನ್ನಡಿಯನ್ನು ಬಳಕೆಗೆ ತಂದವರು’ ಎಂದು ಬರೆದಿದ್ದೀಯ. ಕೂಡಿಸಿ ನೋಡು. ನೂರಾ ಮೂವತ್ತೊಂದು ವರ್ಷ! ಅದು ಒಬ್ಬರಲ್ಲ, ಇಬ್ಬರು. ಅಪ್ಪ 1775ರಲ್ಲಿ ಸ್ಪೇನಿನ ಸೆವಿಲ್‌ನಲ್ಲಿ ಹುಟ್ಟಿ 1832ರಲ್ಲಿ ತೀರಿಕೊಂಡರು. ಮಗ 1805ರಲ್ಲಿ ಹುಟ್ಟಿ 1906ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಮಗನದೇ ನೂರಾ ಒಂದು ವರ್ಷದ ಬದುಕು, ಅದೇ ಸಾಕಷ್ಟು ದೊಡ್ಡದು. ಅಪ್ಪನ ಹುಟ್ಟನ್ನೂ ಅದಕ್ಕೆ ಹೊಲಿಯುವ ಅಗತ್ಯ ಇರಲಿಲ್ಲ.

ಈ ತಪ್ಪಿಗಾಗಿ ನಿನ್ನನ್ನು ಬೈಯುವುದಿಲ್ಲ. ಬೇರೆ ಯಾವ ತಪ್ಪಿಗಿಂತಲೂ ಇದು ನಿನ್ನ ಲೇಖನದ ಕಾಯಿಲೆಯನ್ನು ಚೆನ್ನಾಗಿ ತೋರಿಸಿತು. ಹೆಸರು ಒಂದೇ ಆದಾಗ ಮನುಷ್ಯರೂ ಒಂದಾಗಿಬಿಡುತ್ತಾರೆ, ಕೊನೆಗೆ ಯಾರೂ ಕಾಣಿಸುವುದಿಲ್ಲ. ನಮ್ಮ ಓಣಿಯಲ್ಲಿ ಮೂರು ಪಾಟೀಲರ ಮನೆಗಳಿವೆ. ಒಂದು ಲಿಂಗಾಯತರದು, ಒಂದು ಮುಸ್ಲಿಮರದು, ಒಂದು ಜೈನರದು. ಅಂಚೆಯವನಿಗೆ ಮೂರೂ ಪಾಟೀಲರ ಮನೆಗಳೇ. ನೀನು ಅಂಚೆಯವನಂತೆ ಬರೆದಿದ್ದೀಯ.

ಸ್ಪೇನಿನಲ್ಲಿ ಅತಿ ಹೆಚ್ಚು ಜನರಿಗಿರುವ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಗಾರ್ಸಿಯಾ. ಅಲ್ಲಿ ಒಬ್ಬೊಬ್ಬರಿಗೆ ಎರಡು ಅಡ್ಡಹೆಸರು, ಅದನ್ನು ಮೊದಲನೆಯದಾಗಿ ಹೊತ್ತವರೇ 14 ಲಕ್ಷಕ್ಕೂ ಹೆಚ್ಚು. ಹಾಗಿರುವಾಗ ಇಪ್ಪತ್ಮೂರು ಮಂದಿ ಹೆಸರಾಂತ ಗಾರ್ಸಿಯಾಗಳು ಸಿಕ್ಕಿದ್ದರಲ್ಲಿ ಆಶ್ಚರ್ಯವೇನು? ಇನ್ನೂರು ಮಂದಿಯೂ ಸಿಗುತ್ತಾರೆ. ‘ಯಾರಿಗೆಲ್ಲ ಈ ಹೆಸರಿತ್ತು’ ಎಂಬ ಪ್ರಶ್ನೆಯನ್ನು ಬಿಟ್ಟುಬಿಡು. ‘ಈ ಹೆಸರು ಇವರ ತಲೆಯ ಮೇಲೆ ಹೇಗೆ ಬಂದು ಕೂತಿತು’ ಎಂದು ಒಬ್ಬೊಬ್ಬರನ್ನೂ ಕೇಳು. ಅರ್ಧಕ್ಕರ್ಧ ಜನ ಉತ್ತರ ಕೊಡದೆ ತಾವಾಗಿಯೇ ಪಟ್ಟಿಯಿಂದ ಎದ್ದು ಹೋಗುತ್ತಾರೆ. ಉಳಿದವರು ಕಥೆ ಹೇಳಲು ಶುರು ಮಾಡುತ್ತಾರೆ.

ಆ ಹಾಡುಗಾರ ಅಪ್ಪನನ್ನೇ ಕೇಳಿ ನೋಡು. ಹುಟ್ಟಿದಾಗ ಅವರ ಅಡ್ಡಹೆಸರು ರೋಡ್ರಿಗೆಸ್. ಗಾರ್ಸಿಯಾ ಆದದ್ದು ಆಮೇಲೆ. ಆ ಹೆಸರಿನಲ್ಲೇ ಅವರು 1816ರಲ್ಲಿ ರೋಮ್‌ನಲ್ಲಿ ರೊಸ್ಸೀನಿಯ ‘ಸೆವಿಲ್‌ನ ಕ್ಷೌರಿಕ’ ಎಂಬ ಆಪೆರಾದ, ಅಂದರೆ ಸಂಗೀತ ನಾಟಕದ, ಮೊದಲ ಪ್ರದರ್ಶನದಲ್ಲಿ ಹಾಡಿದರು. 1825ರಲ್ಲಿ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹಡಗು ಹತ್ತಿ ನ್ಯೂಯಾರ್ಕ್‌ಗೆ ಇಟಾಲಿಯನ್ ಆಪೆರಾ ಒಯ್ದರು. ಅಪ್ಪ, ಮಗ, ಮಗಳು ಒಂದೇ ರಂಗದ ಮೇಲೆ. ನಮ್ಮ ವೃತ್ತಿ ನಾಟಕ ಕಂಪನಿಗಳ ಕುಟುಂಬಗಳನ್ನು ಕಂಡವರಿಗೆ ಆ ದೃಶ್ಯ ಬಿಡಿಸಿ ಹೇಳಬೇಕಿಲ್ಲ. ಮುಂದೆ ಮೆಕ್ಸಿಕೋದಲ್ಲಿ ದುಡಿದದ್ದನ್ನೆಲ್ಲ ದಾರಿಗಳ್ಳರು ದೋಚಿದರು. ಮಗಳು ಮರಿಯಾ ಗಂಡನ ಹೆಸರಿನಿಂದ ಮಾಲಿಬ್ರಾನ್ ಎಂದು ಯುರೋಪಿನ ಮನೆಮಾತಾದಳು, ಕುದುರೆಯಿಂದ ಬಿದ್ದ ಪೆಟ್ಟು ವಾಸಿಯಾಗದೆ 1836ರಲ್ಲಿ 28ನೆಯ ವಯಸ್ಸಿಗೇ ತೀರಿಕೊಂಡಳು. ತಂಗಿ ಪೌಲೀನ್ ವಿಯಾರ್ಡೊ ಆದಳು. ನಿನ್ನ ಪಟ್ಟಿಯಲ್ಲಿ ಈ ಇಬ್ಬರು ಹೆಣ್ಣುಮಕ್ಕಳೂ ಇಲ್ಲ. ಏಕೆ? ಮದುವೆಯಾದ ಮೇಲೆ ಹೆಸರು ಬದಲಾಯಿತು, ನಿನ್ನ ಹುಡುಕಾಟಕ್ಕೆ ಸಿಗಲಿಲ್ಲ. ಹೆಸರು ಹಿಡಿದು ಹೊರಟವರಿಗೆ ಹೆಣ್ಣುಮಕ್ಕಳು ಮೊದಲು ತಪ್ಪಿಹೋಗುತ್ತಾರೆ, ನೆನಪಿಡು.

ಮಗ ಮ್ಯಾನುಯೆಲ್‌ನ ವಿಷಯಕ್ಕೆ ‘ಕಂಠಶಾಸ್ತ್ರಕ್ಕೆ ಅಪಾರ ಕೊಡುಗೆ ನೀಡಿದರು’ ಎಂದು ಒಂದು ಸಾಲು ಕೊಟ್ಟಿದ್ದೀಯ. ‘ಅಪಾರ ಕೊಡುಗೆ’ ಎಂಬುದು ಶ್ರದ್ಧಾಂಜಲಿ ಸಭೆಯ ಮಾತು. ಅದನ್ನು ತೆಗೆದು ಆ ಮನುಷ್ಯ ಏನು ಮಾಡಿದ ಎಂದು ಬರೆ. ಅವನು ವೈದ್ಯನಲ್ಲ, ಸಂಗೀತದ ಮೇಷ್ಟ್ರು. ಹಾಡುವಾಗ ಗಂಟಲೊಳಗೆ ಏನು ನಡೆಯುತ್ತದೆ ಎಂಬುದನ್ನು ಕಣ್ಣಾರೆ ನೋಡಬೇಕೆಂಬ ಹಂಬಲ ಅವನನ್ನು ವರ್ಷಗಟ್ಟಲೆ ಕಾಡಿತ್ತು. 1854ರಲ್ಲಿ ಪ್ಯಾರಿಸ್ಸಿನಲ್ಲಿದ್ದಾಗ ಹಲ್ಲಿನ ವೈದ್ಯರು ಬಳಸುವ, ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದನ್ನು ಕೊಂಡ. ಉಸಿರಿನ ಆವಿ ಕಟ್ಟದಿರಲೆಂದು ಅದನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಬಾಯೊಳಗೆ ಕಿರುನಾಲಿಗೆಗೆ ತಾಗುವಂತೆ ಹಿಡಿದ. ಇನ್ನೊಂದು ಕೈಯಲ್ಲಿ ಕೈಗನ್ನಡಿ, ಅದರಿಂದ ಬಿಸಿಲನ್ನು ಹಿಡಿದು ಒಳಕ್ಕೆ ತಳ್ಳಿದ. ತನ್ನದೇ ಧ್ವನಿತಂತುಗಳು ತೆರೆದು ಮುಚ್ಚುವುದು ಕಣ್ಣೆದುರಿಗೇ ಕಂಡಿತು. ಮರುವರ್ಷ ಅದನ್ನು ಬರೆದು ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘಕ್ಕೆ ಕಳಿಸಿದ. ಇಷ್ಟು ಬರೆದರೆ ‘ಅಪಾರ’ ಎಂಬ ಪದವನ್ನು ಓದುಗನೇ ಹೇಳಿಕೊಳ್ಳುತ್ತಾನೆ.

ಇನ್ನು ಕೊಲಂಬಿಯಾದ ಕಾದಂಬರಿಕಾರ ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್. ಲೇಖನದುದ್ದಕ್ಕೂ ‘ಮಾರ್ಕ್ವೆಜ್’ ಎಂದಷ್ಟೇ ಕರೆದಿದ್ದೀಯ. ಗಾರ್ಸಿಯಾಗಳ ಬಗೆಗಿನ ಲೇಖನದಲ್ಲಿ ಗಾರ್ಸಿಯಾವನ್ನೇ ಬಿಟ್ಟರೆ ಹೇಗೆ! ನಾನೂ ಹಿಂದೆ ಇದೇ ಹಳ್ಳಕ್ಕೆ ಬಿದ್ದವನು. ಒಂದು ಗ್ರಂಥಾಲಯದಲ್ಲಿ ಅರ್ಧ ಗಂಟೆ ‘ಎಂ’ ಅಕ್ಷರದ ಕಪಾಟಿನ ಮುಂದೆ ನಿಂತು, ಅವರ ಪುಸ್ತಕಗಳೇ ಇಲ್ಲವೆಂದು ಗೊಣಗಿ ಬಂದಿದ್ದೆ. ಅವು ‘ಜಿ’ಯಲ್ಲಿದ್ದವು. ಸ್ಪ್ಯಾನಿಷ್ ರೂಢಿಯಲ್ಲಿ ಮೊದಲು ಅಪ್ಪನ ಅಡ್ಡಹೆಸರು, ನಂತರ ಅಮ್ಮನದು. ಗಾರ್ಸಿಯಾ ಅಪ್ಪನ ಕಡೆಯದು, ಮಾರ್ಕ್ವೆಜ್ ಅಮ್ಮ ಲೂಯಿಸಾ ತಂದದ್ದು.

ಈಗ ನನ್ನ ಪ್ರಶ್ನೆ ಕೇಳು. ಅಪ್ಪನಿಗೆ ಗಾರ್ಸಿಯಾ ಎಲ್ಲಿಂದ ಬಂತು? ಅಪ್ಪ ಗೇಬ್ರಿಯಲ್ ಎಲಿಹಿಯೊ, ಕೊಲಂಬಿಯಾದ ಅರಕಟಾಕಾದಲ್ಲಿ ತಂತಿ ಕಚೇರಿಯ ನೌಕರ. ಅವನ ಅಪ್ಪನ ಅಡ್ಡಹೆಸರು ಮಾರ್ಟಿನೆಸ್. ಆದರೆ ಅವನ ತಾಯಿ ಅರ್ಹೆಮಿರಾ ಗಾರ್ಸಿಯಾಳಿಗೆ ಆ ಮಾರ್ಟಿನೆಸ್‌ನೊಂದಿಗೆ ಮದುವೆಯಾಗಿರಲಿಲ್ಲ. ಹಾಗಾಗಿ ಮಗುವಿಗೆ ಸಿಕ್ಕಿದ್ದು ತಾಯಿಯ ಹೆಸರು. ಮಗಳನ್ನು ಈ ತಂತಿ ನೌಕರನಿಗೆ ಕೊಡಲು ಕರ್ನಲ್ ನಿಕೋಲಾಸ್ ಮಾರ್ಕ್ವೆಜ್ ಒಪ್ಪದೆ ಹಟ ಹಿಡಿದನಲ್ಲ, ಅವನ ಕಾರಣಗಳಲ್ಲಿ ಈ ಹುಟ್ಟಿನ ಸಂಗತಿಯೂ ಒಂದು. 1982ರಲ್ಲಿ ಸ್ಟಾಕ್‌ಹೋಮಿನಲ್ಲಿ ನೊಬೆಲ್ ಪಡೆದ ಆ ಜಗತ್ಪ್ರಸಿದ್ಧ ಗಾರ್ಸಿಯಾ ಮದುವೆಯಾಗದ ಒಬ್ಬ ಅಜ್ಜಿಯ ಹೆಸರು. ಕೊಲಂಬಿಯಾದ ಊರುಬಾಯಿಗೆ ಅದು ಒಂದು ಕಾಲಕ್ಕೆ ಕೊಂಕು ಮಾತಿನ ವಸ್ತುವಾಗಿತ್ತು. ನಿನ್ನ ಲೇಖನದಲ್ಲಿ ಅವರಿಗೆ ಸಂದ ಬಹುಮಾನಗಳಿವೆ, ಅಜ್ಜಿ ಇಲ್ಲ.

ಸ್ಪೇನಿನ ಕವಿ ಫೆಡರಿಕೊ ಗಾರ್ಸಿಯಾ ಲೋರ್ಕಾನನ್ನು ಜಗತ್ತು ಲೋರ್ಕಾ ಎಂದೇ ಕರೆಯುವುದಕ್ಕೆ ಕಾರಣ ಸರಳ. ಗಾರ್ಸಿಯಾ ಎಂದು ಕೂಗಿದರೆ ಬೀದಿಯಲ್ಲಿ ಹತ್ತು ಜನ ತಿರುಗಿ ನೋಡುತ್ತಾರೆ. ಹಾಗಾಗಿ ಶಾಲಾ ಶಿಕ್ಷಕಿಯಾಗಿದ್ದ ತಾಯಿ ವಿಸೆಂಟಾಳ ಹೆಸರು ನಿಂತಿತು. 1936ರ ಆಗಸ್ಟಿನಲ್ಲಿ ಗ್ರಾನಡಾದ ಹತ್ತಿರ ಗುಂಡಿಟ್ಟು ಕೊಂದ ಅವನ ದೇಹ ಇವತ್ತಿಗೂ ಸಿಕ್ಕಿಲ್ಲ.

ಮೊದಲನೆಯವನಾಗಿ ಕೂರಿಸಿದ ರಾಜನ ವಿಷಯದಲ್ಲಿ ನಿನ್ನ ಅಡಿಪಾಯವೇ ಅಲುಗುತ್ತದೆ. ಉತ್ತರ ಸ್ಪೇನಿನ ಪಾಂಪ್ಲೋನಾದ ರಾಜ ಗಾರ್ಸಿಯಾ ಸಾಂಚೆಸ್‌ನ ಅಡ್ಡಹೆಸರು ಗಾರ್ಸಿಯಾ ಅಲ್ಲ, ಅದು ತೊಟ್ಟಿಲ ಹೆಸರು. ಸಾಂಚೆಸ್ ಎಂದರೆ ಸಾಂಚೋನ ಮಗ. 905ರಲ್ಲಿ ಪಟ್ಟಕ್ಕೆ ಬಂದವನು ಸಾಂಚೋ ಗಾರ್ಸೆಸ್, ಅಂದರೆ ಗಾರ್ಸಿಯಾನ ಮಗ ಸಾಂಚೋ. ಅವನ ಮಗ ಗಾರ್ಸಿಯಾ ಸಾಂಚೆಸ್. ಅವನ ಮಗ ಮತ್ತೆ ಸಾಂಚೋ ಗಾರ್ಸೆಸ್. ಅವನ ಮಗ ಮತ್ತೆ ಗಾರ್ಸಿಯಾ ಸಾಂಚೆಸ್. ಅವನ ಮಗ ಮತ್ತೆ ಸಾಂಚೋ. ತಾತನ ಹೆಸರು ಮೊಮ್ಮಗನಿಗೆ, ನಮ್ಮ ಮನೆಗಳಲ್ಲಿ ಇಟ್ಟಂತೆ. ತೊಟ್ಟಿಲಲ್ಲಿದ್ದ ಹೆಸರು ಶತಮಾನಗಳು ಉರುಳಿದ ಮೇಲೆ ಅಡ್ಡಹೆಸರಾಗಿ ಗಟ್ಟಿಯಾಯಿತು. ‘ಗಾರ್ಸಿಯಾ ಎಂದರೆ ಕರಡಿ’ ಎಂದು ಖಡಾಖಂಡಿತವಾಗಿ ಬರೆದಿದ್ದೀಯಲ್ಲ, ಅದನ್ನೂ ಸಡಿಲಿಸು. ಆ ಸೀಮೆಯ ಬಾಸ್ಕ್ ಭಾಷೆಯಲ್ಲಿ ಕರಡಿಗಿರುವ ಪದದಿಂದ ಬಂತು ಎನ್ನುವವರಿದ್ದಾರೆ, ‘ಎಳೆಯ’ ಎಂಬ ಅರ್ಥದ ಮಾತಿನಿಂದ ಬಂತು ಎನ್ನುವವರೂ ಇದ್ದಾರೆ.

ಪೆರುವಿನ ಇಂಕಾ ಗಾರ್ಸಿಲಾಸೊನನ್ನು ನೀನು ಸೇರಿಸಿಯೇ ಇಲ್ಲ. ಅಕ್ಷರ ಹೊಂದಲಿಲ್ಲ ಎಂದು ಬಿಟ್ಟೆಯೇನೋ. ಗಾರ್ಸಿಲಾಸೊ ಎಂದರೆ ಗಾರ್ಸಿಯಾ ಮತ್ತು ಲಾಸೊ ಬೆಸೆದುಕೊಂಡ ಹೆಸರು. 1539ರಲ್ಲಿ ಕುಸ್ಕೊದಲ್ಲಿ ಹುಟ್ಟಿದವನು, ತಾಯಿ ಇಂಕಾ ರಾಜವಂಶದ ಚಿಂಪು ಒಕ್ಲೊ, ತಂದೆ ಸ್ಪೇನಿನ ಕ್ಯಾಪ್ಟನ್. ಅವನಿಗೆ ಇಟ್ಟ ಹೆಸರು ಗೋಮೆಸ್ ಸುವಾರೆಸ್ ದೆ ಫಿಗೆರೋವಾ. ತಂದೆ ಆಮೇಲೆ ಒಬ್ಬ ಸ್ಪ್ಯಾನಿಷ್ ಹೆಂಗಸನ್ನು ಮದುವೆಯಾದ. ಮಗ 1560ರಲ್ಲಿ ಸ್ಪೇನಿಗೆ ಹೋಗಿ, ತೀರಿಹೋದ ತಂದೆಯ ಸೇವೆಗೆ ಪ್ರತಿಫಲ ಕೊಡಿ ಎಂದು ಆಸ್ಥಾನದ ಬಾಗಿಲು ತಟ್ಟಿದ. ಕೊಡಲಿಲ್ಲ. ಆಗ ಅವನು ಮಾಡಿದ್ದೇನು ಗೊತ್ತೇ? ತಂದೆಯ ಹೆಸರನ್ನೇ ತೆಗೆದುಕೊಂಡ, ಗಾರ್ಸಿಲಾಸೊ ದೆ ಲಾ ವೇಗಾ. ಮುಂದೆ ಆ ಹೆಸರಿಗೆ ತಾಯಿಯ ಕಡೆಯ ‘ಇಂಕಾ’ವನ್ನು ತಾನೇ ಜೋಡಿಸಿಕೊಂಡ. 1609ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾದ, ಇಂಕಾಗಳ ಚರಿತ್ರೆಯ ಅವನ ಪುಸ್ತಕದ ಮೇಲಿದ್ದದ್ದು ಆ ಹೆಸರು. ಒಂದು ಹೆಸರಿನಲ್ಲಿ ಇಬ್ಬರನ್ನೂ ಕೂಡಿಸಿದ, ಬದುಕಿದ್ದಾಗ ಅವರಿಬ್ಬರ ಮದುವೆ ಆಗಿರಲಿಲ್ಲ.

ಫಿಲಿಪ್ಪೀನ್ಸ್‌ನ ಅಧ್ಯಕ್ಷ ಕಾರ್ಲೋಸ್ ಗಾರ್ಸಿಯಾರನ್ನು (1957–1961) ‘ಸ್ಪೇನ್ ಮೂಲದವರು’ ಎಂದಿದ್ದೀಯ. ಆಧಾರ? ಹೆಸರೊಂದೇ. ಅಲ್ಲಿ 1849ರಲ್ಲಿ ಸ್ಪೇನಿನ ಗವರ್ನರ್ ಜನರಲ್ ಕ್ಲಾವೆರಿಯಾ ಒಂದು ಆಜ್ಞೆ ಹೊರಡಿಸಿದ. ಜನರ ಹೆಸರುಗಳ ಗೊಂದಲದಿಂದ ತೆರಿಗೆ ಲೆಕ್ಕ ಹೊಂದುತ್ತಿರಲಿಲ್ಲ. ಅದಕ್ಕೆ ಸುಮಾರು 60 ಸಾವಿರ ಅಡ್ಡಹೆಸರುಗಳ ಅಕಾರಾದಿ ಪಟ್ಟಿ ಅಚ್ಚು ಹಾಕಿಸಿ, ಹಾಳೆ ಹಾಳೆಯಾಗಿ ಊರುಗಳಿಗೆ ಹಂಚಿದರು. ಆಲ್ಬಾಯ್ ಪ್ರಾಂತ್ಯದ ಓಆಸ್ ಊರಿನಲ್ಲಿ ಇಂದಿಗೂ ಹೆಚ್ಚಿನವರ ಅಡ್ಡಹೆಸರು ‘ಆರ್’ ಅಕ್ಷರದಿಂದಲೇ ಶುರುವಾಗುತ್ತದೆ. ನಮ್ಮ ಮಂಗಳೂರಿನ ಡಿಸೋಜ, ಪಿಂಟೊಗಳ ಹೆಸರು ನೋಡಿ ಲಿಸ್ಬನ್ನಿನಲ್ಲಿ ನೆಂಟರನ್ನು ಹುಡುಕಲು ಹೊರಟಂತಾಯಿತು ನಿನ್ನ ವಾಕ್ಯ.

ಸ್ಪೇನಿನ ವಿರುದ್ಧ ಹೋರಾಡಿದ ಕ್ಯೂಬಾದ ಸೇನಾನಿ ಕಲಿಸ್ಟೊ ಗಾರ್ಸಿಯಾಗೆ ಹೆಚ್ಚು ಜಾಗ ಕೊಡು. 1874ರಲ್ಲಿ ಸ್ಪೇನಿನ ಸೈನಿಕರು ಸುತ್ತುವರಿದಾಗ ಸೆರೆಯಾಗಲು ಒಪ್ಪದೆ ಗದ್ದದ ಕೆಳಗೆ ಪಿಸ್ತೂಲು ಇಟ್ಟು ಹಾರಿಸಿಕೊಂಡ. ಗುಂಡು ಹಣೆಯಿಂದ ಹೊರಬಿತ್ತು, ಅವನು ಸಾಯಲಿಲ್ಲ. ಹಣೆಯ ಆ ಗುರುತನ್ನು ಅವನ ಭಾವಚಿತ್ರಗಳಲ್ಲಿ ನೋಡಬಹುದು. 1898ರಲ್ಲಿ ಅಮೆರಿಕದ ಅಧಿಕಾರಿಯೊಬ್ಬ ಸಂದೇಶ ಹೊತ್ತು ಕಾಡುಮೇಡು ದಾಟಿ ಅವನಲ್ಲಿಗೆ ಬಂದ. ಅದೇ ಬೇಸಿಗೆಯಲ್ಲಿ ಸ್ಪೇನಿನ ಕೈಯಲ್ಲಿದ್ದ ಸಾಂಟಿಯಾಗೊ ಪಟ್ಟಣ ಶರಣಾದಾಗ ಅಮೆರಿಕನ್ನರು ಅವನ ಸೈನಿಕರನ್ನೇ ಒಳಗೆ ಬಿಡಲಿಲ್ಲ. ಅವನು ಪ್ರತಿಭಟಿಸಿ ಪತ್ರ ಬರೆದ, ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ತೀರಿಕೊಂಡ. ಮರುವರ್ಷ ಎಲ್ಬರ್ಟ್ ಹಬ್ಬರ್ಡ್ ಎಂಬುವನು ‘ಗಾರ್ಸಿಯಾಗೆ ಸಂದೇಶ’ ಎಂಬ ಪುಟ್ಟ ಪ್ರಬಂಧ ಬರೆದ. ಲಕ್ಷ ಲಕ್ಷ ಪ್ರತಿ ಹಂಚಿದರು. ಹೊಗಳಿಕೆಯೆಲ್ಲ ಎದುರು ಪ್ರಶ್ನೆ ಕೇಳದೆ ಸಂದೇಶ ಒಯ್ದ ಆ ಅಧಿಕಾರಿಗೆ. ಗಾರ್ಸಿಯಾ ಅದರಲ್ಲಿ ಬರಿಯ ವಿಳಾಸದಾರ. ನೀನೂ ಸಂದೇಶ ಒಯ್ದವನ ಬಗ್ಗೆ ನಾಲ್ಕು ಸಾಲು, ಗಾರ್ಸಿಯಾ ಬಗ್ಗೆ ಒಂದು ಸಾಲು ಬರೆದಿದ್ದೀಯ!

ಯಾರನ್ನು ಬಿಡಬೇಕು ಎಂದು ಕೇಳುತ್ತೀಯ. 2017ರಲ್ಲಿ ಮಾಸ್ಟರ್ಸ್ ಗೆದ್ದ ಗಾಲ್ಫ್ ಆಟಗಾರನನ್ನು ಬಿಡು, ಎರಡು ಸಲ ಪೆರುವಿನ ಅಧ್ಯಕ್ಷನಾದವನನ್ನೂ ಬಿಡು. ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ನಿನಗೆ ಇಷ್ಟ ಎಂದು ಗೊತ್ತು, ಬೇರೆ ಲೇಖನ ಬರೆ. ಅಷ್ಟು ಜಾಗ ಬಿಡಿಸಿಕೊಂಡು ಗಾರ್ಸಿಯಾ ದ ಓರ್ಟಾನನ್ನು ಕರೆದು ತಾ. ಅಡ್ಡಹೆಸರಿನ ಗಾರ್ಸಿಯಾ ಅಲ್ಲ, ಆ ರಾಜರಂತೆ ತೊಟ್ಟಿಲ ಗಾರ್ಸಿಯಾ, ಅದೂ ಪೋರ್ಚುಗೀಸ. 1492ರಲ್ಲಿ ಸ್ಪೇನಿನಿಂದ ಹೊರಹಾಕಿಸಿಕೊಂಡ ಯಹೂದಿ ಕುಟುಂಬದವನು. ವೈದ್ಯನಾಗಿ 1534ರಲ್ಲಿ ಗೋವೆಗೆ ಬಂದ. 1563ರಲ್ಲಿ ಅಲ್ಲೇ ಅಚ್ಚಾದ ಅವನ ಪುಸ್ತಕ ನಮ್ಮ ಕಡೆಯ ಔಷಧಿ, ಹಣ್ಣು, ಮಸಾಲೆಗಳ ಬಗೆಗಿನ ಸಂಭಾಷಣೆ. ಅವನು ಸತ್ತು ಹನ್ನೆರಡು ವರ್ಷಗಳ ಮೇಲೆ, 1580ರಲ್ಲಿ, ಗುಟ್ಟಾಗಿ ಯಹೂದಿಯಾಗಿಯೇ ಉಳಿದಿದ್ದನೆಂದು ಕ್ರೈಸ್ತ ಚರ್ಚಿನ ಧರ್ಮವಿಚಾರಣೆಯವರು ಅವನ ಮೂಳೆಗಳನ್ನು ಅಗೆದು ಸುಟ್ಟರು.

ಆ ಪುಸ್ತಕದಲ್ಲಿ ವಿಜಯನಗರದ ಒಂದು ಕುದುರೆಯ ಕಥೆಯಿದೆ. ಪೋರ್ಚುಗೀಸನೊಬ್ಬ ಬೆಲೆಬಾಳುವ ಕುದುರೆ ತಂದಿದ್ದ. ಅದಕ್ಕೆ ಹೊಟ್ಟೆಯಲ್ಲಿ ವಾಯು, ರಾಜ ಬೇಡವೆಂದ. ಅವನು ಹಿಟ್ಟಿನಲ್ಲಿ ಇಂಗು ಕಲಸಿ ತಿನ್ನಿಸಿದ, ವಾಸಿಯಾಯಿತು, ರಾಜ ಒಳ್ಳೆಯ ಬೆಲೆ ಕೊಟ್ಟು ಕೊಂಡ. ಏನು ಕೊಟ್ಟೆ ಎಂದು ಕೇಳಿದಾಗ ಇಂಗು ಎಂದ. ಆಶ್ಚರ್ಯವೇನು, ದೇವರು ಉಣ್ಣುವುದನ್ನೇ ಉಣ್ಣಿಸಿದ್ದೀಯ ಎಂದನಂತೆ ರಾಜ. ದೆವ್ವಗಳು ಉಣ್ಣುವುದು ಎನ್ನಬೇಕಿತ್ತು ಎಂದು ಪೋರ್ಚುಗೀಸ ತನ್ನ ಭಾಷೆಯಲ್ಲಿ ಮೆಲ್ಲಗೆ ಗೊಣಗಿದ. ಇಂಗಿನ ವಾಸನೆಗೆ ಮೂಗು ಮುಚ್ಚಿಕೊಂಡೇ ಅಂದಿರಬೇಕು!

ನಿನ್ನ ಕಾಕುವಿಗೆ ಇದನ್ನು ಓದಿ ಹೇಳಿದೆ. ಒಗ್ಗರಣೆ ಹಾಕುತ್ತಿದ್ದವಳು, ರಾಜನೇ ಸರಿ ಎಂದಳು.

ಹೊಸ ಕರಡಿನಲ್ಲಿ ಆರು ಜನರಿಗಿಂತ ಹೆಚ್ಚು ಬೇಡ. ಶೀರ್ಷಿಕೆಯಿಂದ ‘ಮಹನೀಯರು’ ತೆಗೆ. ದೀಪಾವಳಿಗೆ ಬರುವಾಗ ಕೈಯಲ್ಲೇ ತಂದುಕೊಡು, ಅಂಚೆಗೆ ಹಾಕಬೇಡ. ಹೋದ ಸಲದ ಲಕೋಟೆ ಹಿಂದಿನ ಓಣಿಯ ಇನ್ನೊಂದು ಮನೆಗೆ ಹೋಗಿ ನಾಲ್ಕು ದಿನ ಅಲ್ಲೇ ಇತ್ತು. ಅವರದೂ ನಮ್ಮ ಅಡ್ಡಹೆಸರೇ.

ನಿನ್ನ,
ಕಾಕಾ